ಬೀಗ ತೆಗೆಸಿದ ಪಾದ್ರಿ

ಕಳೆದ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ, ಡಲ್ಲಾಸ್ ಹತ್ತಿರದ ಮರ್ಫಿಯಲ್ಲಿ, ಶಾಲೆಯೊಂದರ ಸಭಾಂಗಣದಲ್ಲಿ ಜರ್ಮನಿಯ ಮಾಜಿ ಸಚಿವರೊಬ್ಬರ ತಲೆಗೆ ಮೈಸೂರು ಪೇಟ ತೊಡಿಸಲಾಯಿತು. ಪೇಟ ಸಣ್ಣದಾಗಿತ್ತು. ಅದು ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವರು ಅರ್ಧ ನಮಸ್ಕಾರ ಮಾಡಿದರು.

ಆ ಹೊತ್ತಿಗೆ ಅವರು ಪ್ರೇರಣಾಳ ಎದುರು ಕೂತು ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿರಬೇಕಾಗಿತ್ತು.

ಪ್ರೇರಣಾ ಮಂಗಳೂರಿನ ಹುಡುಗಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಇದೇ ಮನುಷ್ಯರ ರಾಜಕೀಯ ಬದುಕು. (ಮಂಗಳೂರಿಗೂ ಜರ್ಮನಿಗೂ ಏನು ಸಂಬಂಧ ಎನ್ನುವಿರಾ? ಜರ್ಮನ್ ಮಿಷನರಿಗಳು ಕಟ್ಟಿದ ಅವಳ ಅಜ್ಜನ ಚರ್ಚಿನಲ್ಲಿ ಈಗಲೂ ಕನ್ನಡದ ಕೀರ್ತನೆಗಳನ್ನು ಜರ್ಮನ್ ರಾಗದಲ್ಲಿ ಹಾಡುತ್ತಾರೆ.) ಪ್ರಬಂಧ ಒಪ್ಪಿಗೆಯಾಗುವವರೆಗೆ ಅವರ ಹೆಸರು ಬರೆಯುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಅವರು ಮೊದಲು ಸಣ್ಣ ಊರೊಂದರ ಪಾದ್ರಿ. ಯಾರು ಬೇಕಾದರೂ ಯಾವ ಹೊತ್ತಿಗಾದರೂ ಒಳಗೆ ಬರಲಿ ಎಂದು ಚರ್ಚಿನ ಬಾಗಿಲಿನ ಬೀಗ ತೆಗೆಸಿದರು. ದೇಶ ಬಿಟ್ಟು ಹೋಗಿ ಎಂದು ಸರ್ಕಾರ ಹೇಳಿದ್ದ ನಿರಾಶ್ರಿತ ಕುಟುಂಬವೊಂದಕ್ಕೆ ಅಲ್ಲೇ ಜಾಗ ಕೊಟ್ಟರು. ಜರ್ಮನಿಯ ಚರ್ಚುಗಳಲ್ಲಿ ಅಂಥದೊಂದು ರೂಢಿಯಿದೆ. ಪೊಲೀಸರು ಸಾಮಾನ್ಯವಾಗಿ ಒಳಗೆ ಕಾಲಿಡುವುದಿಲ್ಲ. ಪತ್ರಿಕೆಗಳಲ್ಲಿ ಫೋಟೊ ಬಂತು. ಪಕ್ಷ ಕರೆಯಿತು. ಶಾಸಕರಾದರು, ರಾಜ್ಯದ ಗೃಹಸಚಿವರೂ ಆದರು. ಅವರ ಕಾಲದಲ್ಲೇ, ಅವರದೇ ಹಳೆಯ ಚರ್ಚಿಗೆ ಪೊಲೀಸರು ಹೋಗಿ ಇನ್ನೊಂದು ಕುಟುಂಬವನ್ನು ಹೊರಗೆ ಕರೆತಂದು ವಿಮಾನ ಹತ್ತಿಸಿದರು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಈಗ ದೇಶ ದೇಶ ಸುತ್ತಿ ಭಾಷಣ ಮಾಡುತ್ತಾರೆ.

'ಕೋರ್ಟಿನ ಆದೇಶವಿತ್ತು, ಪಾಲಿಸಿದೆ.' ಆ ದಿನದ ಬಗ್ಗೆ ಅವರು ಎಲ್ಲೆಡೆ ಹೇಳುವುದು ಇಷ್ಟೇ. ಪ್ರೇರಣಾಳ ಗೈಡ್‌ಗೆ ಇಷ್ಟು ಸಾಲದು. ಅವರ ಬಾಯಿಂದ ಹೊಸದೇನಾದರೂ ಬರದೆ ಕೊನೆಯ ಅಧ್ಯಾಯ ನಿಲ್ಲುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ.

ಪ್ರೇರಣಾ ಮಾಜಿ ಸಚಿವರ ಹ್ಯೂಸ್ಟನ್‌ನ ಭಾಷಣಕ್ಕೆ ಹೋದಳು. ಮುಗಿದ ಮೇಲೆ ಫೋಟೊಗಳ ಸಾಲು. ಆಸ್ಟಿನ್‌ಗೆ ಹೋದಳು. ಅಲ್ಲೂ ಅದೇ. ತನ್ನ ನಂಬರ್ ಕೊಟ್ಟು ಬಂದಳು. ವಾಪಸು ಬರುವಾಗ ದಾರಿಯ ರೌಂಡ್ ರಾಕ್ ಊರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಅವರ ಫೋನ್ ಬಂತು. ಶನಿವಾರ, ಡಲ್ಲಾಸ್‌ನಿಂದ ವಿಮಾನ ಹತ್ತುವ ಮೊದಲು, ಒಂದು ಗಂಟೆಯ ಸಮಯ ಕೊಡುತ್ತೇನೆ ಎಂದರು.

ಈ ಸುದ್ದಿ ಇಲ್ಲಿನ ನಮ್ಮ ಕನ್ನಡ ಸಂಘದ ಅಧ್ಯಕ್ಷ, ಧಾರವಾಡದ ಕುಲಕರ್ಣಿಯವರ ಕಿವಿಗೂ ಬಿತ್ತು. ಅವತ್ತೇ ಸಂಘದ ವಾರ್ಷಿಕೋತ್ಸವ.

"ಜರ್ಮನಿ ಮಿನಿಸ್ಟರ್ ನಮ್ಮ ಊರಿಗೆ ಬಂದು ಹಂಗ ಹೋಗೋದೇನ್ರೀ? ಹತ್ತು ನಿಮಿಷ. ಒಂದು ಶಾಲು, ಒಂದು ಪೇಟ. ಆಮ್ಯಾಲ ನಿಮ್ಮ ಇಂಟರ್‌ವ್ಯೂ ಮಾಡ್ಕೋರಿ."

ಹಿರಿಯರು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಪ್ರೇರಣಾ ಒಪ್ಪಿದಳು. ಅವರನ್ನೂ ಒಪ್ಪಿಸಿದಳು.

ದೀಪ ಬೆಳಗಿದ್ದಾಯಿತು. ಪ್ರಾರ್ಥನೆ ಆಯಿತು. ಮಕ್ಕಳ ಡ್ಯಾನ್ಸ್ ಆಯಿತು. (ನಡುವೆ ಪೆನ್‌ಡ್ರೈವ್ ಕೈಕೊಟ್ಟು ಮೊದಲಿಂದ ಇನ್ನೊಮ್ಮೆ ಆಯಿತು.) ಸೌತ್‌ಲೇಕ್‌ನಿಂದ ಬಂದ ಪ್ರಾಯೋಜಕ ಡಾಕ್ಟರಿಗೆ ಸನ್ಮಾನ, ಅವರ ಪತ್ನಿಗೆ ಸನ್ಮಾನ, ಹೋದ ವರ್ಷದ ಸಮಿತಿಗೆ ಸನ್ಮಾನ. ಜರ್ಮನಿಯ ಅತಿಥಿ ಮೊದಲ ಸಾಲಿನಲ್ಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ನೇರವಾಗಿ ಕೂತಿದ್ದರು. ಚರ್ಚಿನಲ್ಲಿ ಕೂತು ರೂಢಿಯಾದವರು ಕೂರುವ ಹಾಗೆ.

"ಎಂತ ಅಂಕಲ್ ಇದು? ಹತ್ತು ನಿಮಿಷ ಅಂತ ಹೇಳಿದ್ದಲ್ವಾ ಅವ್ರು?" ಪ್ರೇರಣಾ ನನ್ನ ಕಿವಿಯಲ್ಲಿ ಕೇಳಿದಳು.

ನಾನು ಹೋಗಿ ಕುಲಕರ್ಣಿಯವರ ಮುಂದೆ ನಿಂತೆ.

"ಇನ್ನೊಂದ ಐಟಂ ರೀ. ಅವರಿಗೂ ನಮ್ಮ ಸಂಸ್ಕೃತಿ ಗೊತ್ತಾಗ್ಲಿ."

ನನಗೂ ಇಷ್ಟು ವರ್ಷಗಳಲ್ಲಿ ಗೊತ್ತಾಗಿರುವುದು ಇದು: ಬಂದವರನ್ನು ಕೂರಿಸಿ ಏನಾದರೂ ಕೇಳುವುದು ನಮಗೆ ಕಷ್ಟ. ನಿಲ್ಲಿಸಿ ಶಾಲು ಹೊದಿಸುವುದು ಸುಲಭ. ಪೇಟ, ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ. ಅತಿಥಿಗಳಿಗೆ ಮೈಕ್ ಕೊಡುವುದು ಯಾರಿಗೂ ನೆನಪಾಗಲಿಲ್ಲ.

ಆ ಒಂದು ಗಂಟೆ ಮುಗಿದುಹೋಗಿತ್ತು. ಉಳಿದದ್ದು ಏರ್‌ಪೋರ್ಟ್ ದಾರಿ ಮಾತ್ರ. ನಾನು ಡ್ರೈವ್ ಮಾಡಿದೆ. ಅವರಿಬ್ಬರೂ ಹಿಂದಿನ ಸೀಟಿನಲ್ಲಿ, ನಡುವೆ ಹಣ್ಣಿನ ಬುಟ್ಟಿ, ಅದರ ಮೇಲೆ ರೆಕಾರ್ಡ್ ಆಗುತ್ತಿದ್ದ ಅವಳ ಫೋನ್.

ಕೋರ್ಟಿನ ಆದೇಶ ಎಂದರು. ಪಾಲಿಸಿದೆ ಎಂದರು. ಇದೇ ಮಾತನ್ನು ಎಷ್ಟು ಕಡೆ ಹೇಳಿರಬೇಕು? ದನಿಯಲ್ಲಿ ಕೋಪವೂ ಇರಲಿಲ್ಲ, ಸಂಕಟವೂ ಇರಲಿಲ್ಲ.

"ಪೊಲೀಸರು ಹೋಗುವ ಮೊದಲು ನೀವು ಆ ಚರ್ಚಿಗೆ ಫೋನ್ ಮಾಡಿದ್ದಿರಾ?" ಪ್ರೇರಣಾ ಇಂಗ್ಲಿಷಿನಲ್ಲಿ ಕೇಳಿದಳು.

ಅವರು ಕಿಟಕಿಯ ಕಡೆ ತಿರುಗಿದರು. ಟರ್ಮಿನಲ್ ಬಂತು. ಕಾರು ನಿಂತಿತು. ಪ್ರೇರಣಾ ರೆಕಾರ್ಡಿಂಗ್ ಆಫ್ ಮಾಡಿ ಫೋನನ್ನು ಬ್ಯಾಗಿಗೆ ಹಾಕಿದಳು. ನಾನು ಅವರ ಸೂಟ್‌ಕೇಸ್ ಇಳಿಸಿದೆ.

"ಮಾಡಿದ್ದೆ," ಎಂದರು ಅವರು, ಶಾಲನ್ನು ಮಡಚುತ್ತಾ. "ಬೀಗ ಹಾಕಬೇಡಿ, ಪೊಲೀಸರು ಬಾಗಿಲು ಒಡೆಯುವ ಹಾಗಾಗಬಾರದು ಎಂದು ಹೇಳಲು." ಕೈಕುಲುಕಿ ಒಳಗೆ ಹೋದರು.

ರೆಕಾರ್ಡ್ ಆಗದ ಮಾತು. ಅದನ್ನು ಪ್ರಬಂಧದಲ್ಲಿ ಹಾಕುವುದು ಹೇಗೆ?

"ನೀವೂ ಕೇಳಿದ್ರಲ್ಲ ಅಂಕಲ್?"

ಕೇಳಿದ್ದೆ. ಆದರೂ ಬಳಸಬಹುದೇ ಎಂದು ಅವರನ್ನೇ ಕೇಳು ಎಂದೆ. ರಾಜಕಾರಣಿಗಳು ಹೊರಡುವ ಅವಸರದಲ್ಲಿ ಆಡಿದ್ದನ್ನು ಮರುದಿನ ಆಡಿಲ್ಲ ಎನ್ನುವುದನ್ನು ಊರಿನಲ್ಲಿ ಪತ್ರಿಕೆಯ ವರದಿಗಾರನಾಗಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ಅವಳು ಆ ರಾತ್ರಿಯೇ ಇಮೇಲ್ ಕಳಿಸಿದಳು. ಭಾನುವಾರ ಉತ್ತರವಿಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಬಂತು.

ಗುರುವಾರ ಕೊನೆಯ ಅಧ್ಯಾಯ ಗೈಡ್ ಕೈ ಸೇರಿದೆ. ಆ ಇಮೇಲನ್ನು ಪ್ರೇರಣಾ ಅದರ ಕೊನೆಗೆ ಹಾಗೆಯೇ ಹಾಕಿದ್ದಾಳೆ:

"ಹೇಳಿದ್ದು ನಾನೇ. ಬಳಸಿಕೊಳ್ಳಬಹುದು. ಅಲ್ಲಿನ ಪಾದ್ರಿ ಫೋನಿನಲ್ಲಿ ಕೊಟ್ಟ ಉತ್ತರವನ್ನೂ ಸೇರಿಸಿ: 'ಇಲ್ಲಿ ಬೀಗವೇ ಇಲ್ಲ, ನೀವೇ ತೆಗೆಸಿದ್ದಿರಲ್ಲ.'"