ಎದುರುಮನೆ ಆಂಟಿಗೆ ಕೇಳಿಸಿದ ಮಾತು

ಮೊನ್ನೆ ಮೊಬೈಲ್ ಚಾರ್ಜರ್ ಸುಟ್ಟುಹೋಯಿತು. ಗೋಡೆಯಿಂದ ಕೀಳುವಾಗ ಬೆರಳಿಗೆ ಬಿಸಿ ತಾಗಿತು, ಜೊತೆಗೇ ಕಾದ ಪ್ಲಾಸ್ಟಿಕ್ಕಿನ ವಾಸನೆ. ಒಲೆಯ ಮೇಲೆ ಆಗಷ್ಟೇ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಿದ್ದೆ. ಎರಡೂ ವಾಸನೆ ಬೆರೆತು ಮೂಗಿಗೆ ಬಡಿದಾಗ ಚಾರ್ಜರನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇಪ್ಪತ್ತು ವರ್ಷಕ್ಕೂ ಹಿಂದೆ ಮೈಸೂರಿನ ಯಾದವಗಿರಿಯಲ್ಲಿ ನಮ್ಮ ಎದುರುಮನೆ ಆಂಟಿಯ ಅಡುಗೆಮನೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ಅಲ್ಲಿ ಬೇಳೆ ಡಬ್ಬಿಗಳ ಸಾಲಿನ ಕೊನೆಯಲ್ಲಿ ಒಂದು ಸ್ಕ್ಯಾನರ್ ಇತ್ತು. ಇಟ್ಟಿಗೆಯಷ್ಟು ದೊಡ್ಡ ಕಪ್ಪು ರೇಡಿಯೋ, ಎಳೆದು ಉದ್ದ ಮಾಡುವ ಆಂಟೆನಾ, ಮುಂದೆ ಹಸಿರು ಅಂಕಿಗಳು, ಹಿಂದೆ ಸದಾ ಕಾದಿರುತ್ತಿದ್ದ ಅಡಾಪ್ಟರ್. ಅದು ಅಸಲಿಗೆ ಅಂಕಲ್‌ ಅವರದು. ವೈರ್‌ಲೆಸ್ ಆಪರೇಟರ್ ಆಗಿ ನಿವೃತ್ತರಾಗಿದ್ದ ಅವರಿಗೆ ಯಾರೋ ಸಿಂಗಪುರದಿಂದ ತಂದುಕೊಟ್ಟಿದ್ದಂತೆ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಅದನ್ನು ಆನ್ ಮಾಡುತ್ತಿದ್ದರು. ಗುಂಡಿ ಒತ್ತಿದರೆ ಅಂಕಿಗಳು ಓಡತೊಡಗುತ್ತಿದ್ದವು. ಎಲ್ಲಿ ದನಿ ಸಿಕ್ಕಿತೋ ಅಲ್ಲಿ ತಾವೇ ನಿಲ್ಲುತ್ತಿದ್ದವು. ಪೈಲಟ್ಟುಗಳ ಮಾತು ಸಿಕ್ಕರೆ ಅಂಕಲ್ ಚಾವಣಿಯ ಕಡೆ ಬೆರಳು ತೋರಿಸಿ, "ನೋಡು ಪುಟ್ಟಿ, ನಮ್ಮ ತಲೆ ಮೇಲೇ ಹೋಗ್ತಾ ಇದಾನೆ" ಅನ್ನುತ್ತಿದ್ದರು.

ಆಂಟಿಗೆ ವಿಮಾನ ಬೇಕಿರಲಿಲ್ಲ. ನಮ್ಮ ಬೀದಿಗೆ ಆಗ ಕಾರ್ಡ್‌ಲೆಸ್ ಫೋನುಗಳು ಬಂದಿದ್ದವು. ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿಕೊಂಡು ಮಾತಾಡುವುದೇ ಒಂದು ದೊಡ್ಡಸ್ತಿಕೆ. ಆ ಮಾತೆಲ್ಲ ಗಾಳಿಯಲ್ಲಿ ಹೋಗುತ್ತದೆ, ಪಕ್ಕದಲ್ಲಿ ಯಾರು ಬೇಕಾದರೂ ಹಿಡಿಯಬಹುದು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಆಂಟಿಗೆ ಹೊಳೆದಿತ್ತು. ನಲವತ್ತಾರರಿಂದ ಐವತ್ತು ಮೆಗಾಹರ್ಟ್ಸ್‌ ನಡುವೆ ಹುಡುಕುತ್ತಾ ಹೋದರೆ ಇಡೀ ಬೀದಿ ಸಿಗುತ್ತಿತ್ತು. ಅಂಕಲ್ ಊಟ ಮಾಡಿ ಮಲಗಿದ ಮೇಲೆ ದಿನಾ ಎರಡು ಗಂಟೆ ಇದೇ ಕೆಲಸ.

ನಾನಾಗ ಡಿಗ್ರಿ ಎರಡನೇ ವರ್ಷ. ಕಾಲೇಜು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆಂಟಿಯ ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ಕೂತು, ಅವರು ಕೊಟ್ಟ ಕೋಡುಬಳೆ ತಿನ್ನುತ್ತಾ ನಾನೂ ಕೇಳಿದ್ದೇನೆ. ಒಂದು ದಿನ ಮೂಲೆಮನೆಯ ಸೊಸೆ ತನ್ನ ತಾಯಿಯ ಹತ್ತಿರ ಅತ್ತಿದ್ದು ಕೇಳಿಸಿತು. ಮರುದಿನ ಸೊಪ್ಪಿನ ಗಾಡಿಯ ಮುಂದೆ ಆಂಟಿ ಆ ಹುಡುಗಿಯನ್ನು ನಿಲ್ಲಿಸಿ, "ಏನಮ್ಮ, ತವರಿಗೆ ಹೋಗ್ಬುಡ್ತೀನಿ ಅಂತಿದ್ಯಂತೆ, ಯಾವಾಗ ಪ್ರಯಾಣ?" ಎಂದರು, ಅತ್ತೆ ಪಕ್ಕದಲ್ಲೇ ಇರುವಾಗ. ಆ ಹುಡುಗಿಯ ಮುಖದಿಂದ ರಕ್ತ ಇಳಿದುಹೋಯಿತು. ಆಂಟಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ನಕ್ಕೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಾನು ನಕ್ಕಿದ್ದೆ.

"ನಮ್ಮನೇದೂ ಸಿಗುತ್ತಾ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ನಿಮ್ಮನೇದು ಏನ್ ಕೇಳೋದು ಬುಡೆ. ನಿಮ್ಮಪ್ಪ ಸಂಘದ ಮೀಟಿಂಗ್ ವಿಷ್ಯ ಬುಟ್ರೆ ಬೇರೆ ಮಾತಾಡ್ತಾರಾ?"

ಅದನ್ನು ನಂಬಿದೆ. ಅಥವಾ ನಂಬಿದರೆ ಅನುಕೂಲ ಅಂತ ನಂಬಿದೆ... ಫೋನಿನಲ್ಲಿ ಹುಷಾರು ಅಂತ ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ.

ಅಕ್ಕ ಒಂದು ಶಾಲೆಯಲ್ಲಿ ಟೀಚರ್. ಜೊತೆಯಲ್ಲಿ ಪಾಠ ಮಾಡುತ್ತಿದ್ದ, ಬೇರೆ ಜಾತಿಯ ಒಬ್ಬರನ್ನು ಮೆಚ್ಚಿದ್ದಳು. ಅದು ನನಗೊಬ್ಬಳಿಗೆ ಗೊತ್ತಿತ್ತು. ಒಂದು ಭಾನುವಾರ ಆಂಟಿ ಬಟ್ಟಲಲ್ಲಿ ಚಟ್ನಿಪುಡಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು.

"ನಿಮ್ಮನೇಲಿ ಆಷಾಢ ಕಳೀಲಿ ಅಂತ ಕಾಯ್ತಾವ್ರಂತಲ್ಲ," ಎಂದು ಆಂಟಿ ಮೆತ್ತಗೆ ಶುರುಮಾಡಿದರು. "ರಿಜಿಸ್ಟರ್ ಆಫೀಸ್ನೋರು ಆಷಾಢ ನೋಡಲ್ಲ ಕಣ್ರೀ. ಅಲ್ಲಿ ಜಾತೀನೂ ಕೇಳಲ್ವಂತೆ."

ಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈಯಿಂದ ಕಾಫಿ ಲೋಟ ಜಾರಿತು. ಆಷಾಢ ಕಳೆದ ಮೇಲೆ ರಿಜಿಸ್ಟರ್ ಮದುವೆ ಮಾಡಿಕೊಳ್ಳೋಣ ಅನ್ನುವ ಮಾತನ್ನು ಅವಳು ಹಿಂದಿನ ದಿನ ಮಧ್ಯಾಹ್ನ ಫೋನಿನಲ್ಲಿ ಆಡಿದ್ದಳು. ಅಪ್ಪ ಅವಳ ಮುಖ ನೋಡಿದರು. ಬೇರೆ ಸಾಕ್ಷಿ ಅವರಿಗೆ ಬೇಕಾಗಲಿಲ್ಲ.

ಅಪ್ಪ ಅವಳನ್ನು ಹೊಡೆದದ್ದು, ಶಾಲೆ ಬಿಡಿಸಿದ್ದು, ಆ ಮನುಷ್ಯನ ಮನೆಯ ಮುಂದೆ ನಿಂತು ಅವರ ತಾಯಿಯನ್ನು ಬೈದು ಬಂದದ್ದು, ಎಲ್ಲ ಒಂದೇ ವಾರದಲ್ಲಿ ಮುಗಿಯಿತು. ಆಷಾಢ ಕಳೆಯುತ್ತಲೇ ಅಕ್ಕನ ಮದುವೆಯಾಯಿತು, ದಾವಣಗೆರೆಯವರೊಬ್ಬರ ಜೊತೆ. ಆಂಟಿ ಎಲ್ಲರಿಗಿಂತ ಮೊದಲು ಛತ್ರಕ್ಕೆ ಬಂದು ಹೂ ಕಟ್ಟಿದರು, ಆರತಿ ತಟ್ಟೆ ಹಿಡಿದರು. ಮಾತು ಆಂಟಿಯ ಕಿವಿಗೆ ಹೋಗಿದ್ದು ಹೇಗೆಂದು ತಿಳಿಯದ ಅಕ್ಕ ಅವರ ಕಾಲಿಗೆ ಬಿದ್ದಳು. ಆಂಟಿ ಅವಳ ತಲೆ ಸವರಿ, "ಒಳ್ಳೇದಾಗ್ಲಿ ಕಣಮ್ಮ, ವರ್ಷದೊಳಗೆ ತೊಟ್ಲು ತೂಗು" ಎಂದರು.

ಆಂಟಿಗೆ ಮಕ್ಕಳಿರಲಿಲ್ಲ. ಎಲ್ಲಿ ಹೊಡೆಯಬೇಕು ಅಂತ ನನಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ.

ಅಂಕಲ್ ಪ್ರತಿ ಮಂಗಳವಾರ, ಶುಕ್ರವಾರ ಸ್ಕೂಟರ್ ಹತ್ತಿ ರಾಜೀವನಗರಕ್ಕೆ ಹೋಗುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ್ದ ಒಬ್ಬರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರಿಗೆ ಗಡ್ಡ ಹೆರೆದು, ಮೈ ಒರೆಸಿ ಬರುತ್ತಿದ್ದರು. ಆಂಟಿ ಆ ಮನೆಯನ್ನು ಒಂದು ದಿನವೂ ನೋಡಿರಲಿಲ್ಲ. ಒಂದು ಮಧ್ಯಾಹ್ನ ಎರಡೂವರೆಗೆ, ಆಂಟಿ ಸ್ಕ್ಯಾನರ್ ಮುಂದೆ ಕೂತಿರುವ ಹೊತ್ತಿಗೆ ಸರಿಯಾಗಿ, ನಾನು ಕಾರ್ಡ್‌ಲೆಸ್ ತೆಗೆದುಕೊಂಡು ಕಾಲೇಜಿನ ಗೆಳತಿಗೆ ಫೋನ್ ಮಾಡಿದೆ. ಅವಳಿಗೆ ಮೊದಲೇ ಎಲ್ಲ ಹೇಳಿಕೊಟ್ಟಿದ್ದೆ.

"ಎದುರುಮನೆ ಅಂಕಲ್ ಇಲ್ವಾ, ಅವರಿಗೆ ರಾಜೀವನಗರದಲ್ಲಿ ಇನ್ನೊಂದು ಸಂಸಾರ ಇದೆಯಂತೆ ಕಣೆ" ಎಂದೆ. "ಕಾಯಿಲೆ ಸ್ನೇಹಿತ ಅನ್ನೋದು ಬರೀ ನೆಪ. ಸ್ಕೂಲಿಗೆ ಹೋಗೋ ಮಗಳಿದಾಳಂತೆ. ಥೇಟ್ ಅವರದೇ ಮೂಗು."

"ಪಾಪ, ಆಂಟಿಗೆ ಗೊತ್ತಿಲ್ವಾ?" ಎಂದಳು ಗೆಳತಿ.

"ಇಡೀ ಬೀದಿಗೆ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ."

ಈ ಸುಳ್ಳಿನ ಬಲ ಇದ್ದದ್ದು ಒಂದೇ ಕಡೆ. ಆಂಟಿ ಯಾರನ್ನೂ ಕೇಳುವ ಹಾಗಿರಲಿಲ್ಲ. ಕೇಳಿದರೆ, ನಿಮಗೆ ಯಾರು ಹೇಳಿದರು ಅನ್ನುವ ಪ್ರಶ್ನೆ ಬರುತ್ತದೆ. ನಮ್ಮ ಮನೆಯ ಫೋನು ಕೇಳಿದೆ ಅಂದರೆ ಅಕ್ಕನ ಮಾತು ಕದ್ದವರು ಯಾರೆಂದೂ ಬಯಲಾಗುತ್ತದೆ. ಮುಂದಿನ ವಾರ ಇನ್ನೊಂದು ಸಲ ಮಾತಾಡಿದೆವು. ಮೂರನೇ ಸಲಕ್ಕೆ ಗೆಳತಿ, "ಸಾಕು ಕಣೆ, ನಂಗೆ ಭಯ ಆಗುತ್ತೆ" ಎಂದು ಬಿಟ್ಟುಬಿಟ್ಟಳು. ಮುಂದೆ ಏನಾಯಿತು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟೊತ್ತಿಗೆ ಮೂರನೇ ಸಲದ ಅಗತ್ಯವೇ ಇರಲಿಲ್ಲ. ಆಂಟಿ ಸೊಪ್ಪಿನ ಗಾಡಿಗೆ ಬರುವುದನ್ನು ನಿಲ್ಲಿಸಿದ್ದರು.

ಒಂದು ಸಂಜೆ ಅಂಕಲ್ ನಮ್ಮ ಗೇಟಿನ ಹತ್ತಿರ ನಿಂತು, "ನಿಮ್ಮ ಆಂಟಿ ನಿನ್ನ ಹತ್ರ ಏನಾದ್ರೂ ಹೇಳ್ಕೊಂಡ್ಳಾ ಪುಟ್ಟಿ?" ಎಂದು ಕೇಳಿದರು. "ಒಂದು ತಿಂಗಳಾಯ್ತು, ನನ್ನ ಜೊತೆ ಮಾತಾಡ್ತಿಲ್ಲ. ತಟ್ಟೆ ಇಟ್ಟು ಒಳಗೆ ಹೋಗ್ಬುಡ್ತಾಳೆ."

ನನಗೇನೂ ಗೊತ್ತಿಲ್ಲ ಅಂಕಲ್ ಎಂದೆ. ಅವರು ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಾ ನಿಂತೇ ಇದ್ದರು. ನನಗೆ ಮರುಕ ಹುಟ್ಟಲಿಲ್ಲ. ಒಳಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ಅದಾದ ಮೇಲೆ ಒಂದು ಶುಕ್ರವಾರ ಆಂಟಿ ಆಟೋ ಮಾಡಿಕೊಂಡು ಅಂಕಲ್ ಸ್ಕೂಟರಿನ ಹಿಂದೆಯೇ ಹೋದರು. ಇದನ್ನು ಅವರೇ ನನಗೆ ಹೇಳಿದ್ದು. ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ ಬಂದು ವರಾಂಡದ ಮೆಟ್ಟಿಲ ಮೇಲೆ ಕೂತರು. ಸೀರೆಯ ನೆರಿಗೆಯೆಲ್ಲ ಧೂಳಾಗಿತ್ತು.

"ಕಣ್ಣಾರೆ ನೋಡ್ಕಂಡು ಬಂದ್ಬುಟ್ಟೆ ಕಣೆ," ಎಂದರು. "ಒಬ್ಳು ಬಾಗ್ಲು ತೆಗೆದ್ಲು. ಇನ್ನೂ ಚಿಕ್ಕ ವಯಸ್ಸಿನೋಳು. ಹಿಂದ್ಗಡೆಯಿಂದ ಒಂದು ಹೆಣ್ಮಗು ಓಡ್ಬಂತು. ಯೂನಿಫಾರಂ, ಎರಡು ಜಡೆ. ಬಂದು ಇವರ ಕೈ ಹಿಡ್ಕೊಂಡು ಒಳಗೆ ಎಳ್ಕೊಂಡು ಹೋಯ್ತು."

ಅದು ಆ ಕಾಯಿಲೆ ಮನುಷ್ಯರ ಸೊಸೆ ಮತ್ತು ಮೊಮ್ಮಗಳು. ಅಂಕಲ್ ನನಗೆ ಎಷ್ಟೋ ಸಲ ಆ ಮಗುವಿನ ತುಂಟತನದ ಬಗ್ಗೆ ಹೇಳಿದ್ದರು. ಆಂಟಿಯ ಮುಂದೆ ಮಕ್ಕಳ ಮಾತು ಎತ್ತಬಾರದೆಂದು ಅವರ ಹತ್ತಿರ ಮಾತ್ರ ಆ ಮಗುವಿನ ವಿಷಯ ಆಡಿರಲಿಲ್ಲ.

"ಒಳಗೆ ಹೋಗಿ ಕೇಳ್ಬೇಕಿತ್ತು" ಎಂದೆ.

"ಏನಂತ ಕೇಳ್ಲಿ? ನಂಗಂತೂ ಆಗ್ಲಿಲ್ಲ, ಅವರಾದ್ರೂ..." ಆಂಟಿ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. "ನಿಂಗೆ ಇದ್ರ ವಿಷ್ಯ ಏನಾದ್ರೂ ಗೊತ್ತಾ ಪುಟ್ಟಿ? ಯಾರಾದ್ರೂ ಏನಾದ್ರೂ ಅಂದ್ರಾ?"

ನನಗೆ ಗೊತ್ತು ಅಂತ ಗೊತ್ತಿದ್ದೇ ಕೇಳುತ್ತಿದ್ದರು. ಅದು ತಮಗೆ ಹೇಗೆ ಗೊತ್ತಾಯಿತು ಅಂತ ಹೇಳಲಾರರು. ಆಗ ನಾನು ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಅಯ್ಯೋ, ನಂಗೇನು ಗೊತ್ತಿರುತ್ತೆ ಆಂಟಿ. ನಿಮಗೆ ಯಾರು ಹೇಳಿದ್ದು?"

ಅವರು ಎದ್ದು, ರಸ್ತೆ ದಾಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ದಸರೆಗೆ ಮುಂಚೆಯೇ ಗುಂಡ್ಲುಪೇಟೆಯಲ್ಲಿದ್ದ ತಮ್ಮನ ಮನೆಗೆ ಹೊರಟುಹೋದರು. ಅಂಕಲ್ ನಾಲ್ಕು ಸಲ ಹೋಗಿ ಕರೆದರಂತೆ, ಆಂಟಿ ಹೊರಗೇ ಬರಲಿಲ್ಲವಂತೆ. ಆರು ವರ್ಷದ ಮೇಲೆ ಅಲ್ಲೇ ತೀರಿಕೊಂಡು, ಅಲ್ಲೇ ಮಣ್ಣಾದರು. ನಾನು ಹೋಗಲಿಲ್ಲ. ಅಷ್ಟರಲ್ಲಿ ನನಗೂ ಮದುವೆಯಾಗಿತ್ತು, ಮಗುವಾಗಿತ್ತು, ಹೋಗದಿರಲು ಕಾರಣಗಳು ಬೇಕಾದಷ್ಟಿದ್ದವು.

ಅಂಕಲ್ ಯಾದವಗಿರಿಯ ಮನೆ ಬಿಟ್ಟು ಬನ್ನಿಮಂಟಪದಲ್ಲಿ ಅಣ್ಣನ ಮಗನ ಮನೆಗೆ ಸೇರಿದ್ದರು. ಕಳೆದ ವರ್ಷ ಅವರಿಗೆ ತೀರ ಹುಷಾರಿಲ್ಲ ಅಂತ ತಿಳಿದು ಹೋದೆ. ಎಲ್ಲ ಹೇಳಿಬಿಡಬೇಕು ಅಂತಲೇ ಹೋಗಿದ್ದು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು. ದನಿ ಬಹಳ ಸಣ್ಣದಾಗಿತ್ತು.

"ಅವಳು ಯಾಕೆ ಹೋದ್ಲು ಅಂತ ನಂಗೊತ್ತು ಪುಟ್ಟಿ. ಯಾರಿಗೂ ಹೇಳಿಲ್ಲ. ಮದುವೆಯಾಗಿ ಐದನೇ ವರ್ಷ ಇಬ್ಬರೂ ಪರೀಕ್ಷೆ ಮಾಡಿಸ್ಕೊಂಡ್ವಿ. ರಿಪೋರ್ಟು ತಂದೋನು ನಾನು. ಮಕ್ಕಳಾಗೋ ಯೋಗ ಇಲ್ದೇ ಇದ್ದಿದ್ದು ನನಗೆ. ನಿನಗೇ ಅಂತ ಅವಳಿಗೆ ಹೇಳ್ಬುಟ್ಟೆ. ನಮ್ಮಮ್ಮ ಸಾಯೋವರೆಗೂ ಅವಳನ್ನ ಅಂದ್ರು, ಆಡಿದ್ರು. ನಾನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಅದು ಹೇಗೋ ಅವಳಿಗೆ ಗೊತ್ತಾಗಿರ್ಬೇಕು. ಅದಕ್ಕೇ ಹೋದ್ಲು. ಅಲ್ವಾ?"

ಆಂಟಿಗೆ ಅದೊಂದು ಗೊತ್ತಿದ್ದಿದ್ದರೆ ಸಾಕಿತ್ತು. ರಾಜೀವನಗರದ ಮಗಳ ಕಥೆ ಕೇಳಿ ಅವರು ಸ್ಕ್ಯಾನರ್ ಆರಿಸಿ ನಕ್ಕುಬಿಡುತ್ತಿದ್ದರು. ಬಂದು ನನ್ನ ಕೆನ್ನೆಗೆ ಬಾರಿಸುತ್ತಿದ್ದರೋ ಏನೋ...

ಅಂಕಲ್ ಉತ್ತರಕ್ಕೆ ಕಾಯುತ್ತಿದ್ದರು. ನಿಜ ಹೇಳಿದ್ದರೆ ಅವರು ಆಂಟಿಯ ವಿಷಯದಲ್ಲಿ ಇಪ್ಪತ್ತು ವರ್ಷ ಹೊತ್ತ ತಪ್ಪಿನಲ್ಲಿ ಅರ್ಧ ನನ್ನ ಹೆಗಲಿಗೆ ಬರುತ್ತಿತ್ತು.

"ಇರಬಹುದು ಅಂಕಲ್" ಎಂದೆ.

ಅವರು ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಹತ್ತು ದಿನದಲ್ಲಿ ಹೋದರು. ಆ ಸಲ ಹೋಗಿದ್ದೆ, ಒಂದು ಹಿಡಿ ಮಣ್ಣು ಹಾಕಿ ಬಂದೆ. ಅವರನ್ನು ಮಣ್ಣು ಮಾಡಿದ್ದು ಮೈಸೂರಿನಲ್ಲಿ, ಆಂಟಿಯನ್ನು ಗುಂಡ್ಲುಪೇಟೆಯಲ್ಲಿ. ಮಧ್ಯೆ ಅರವತ್ತು ಕಿಲೋಮೀಟರ್ ಇದೆ. ಅದು ನನ್ನಿಂದಾದದ್ದು ಅಂತ ಗೊತ್ತಿರುವವಳು ಈಗ ನಾನೊಬ್ಬಳೇ.