ನೂರಕ್ಕೆ ಅರವತ್ತೊಂದು

ನಿದ್ದೆ ಮಾಡಿದರೆ ದಣಿವು ಹೋಗುತ್ತದೆ ಎನ್ನುವವರು ನಮ್ಮ ಡಾಕ್ಟರಮ್ಮನನ್ನು ಒಂದು ಸೋಮವಾರ ಬೆಳಿಗ್ಗೆ ನೋಡಬೇಕಿತ್ತು. ಎರಡು ದಿನ ಹಾಸಿಗೆಗೆ ಅಂಟಿಕೊಂಡಿದ್ದು ಎದ್ದು ಬಂದವರು, ಆಸ್ಪತ್ರೆಯ ಹಿಂಭಾಗದ ಹನ್ನೊಂದು ಮೆಟ್ಟಿಲು ಹತ್ತುವಷ್ಟರಲ್ಲಿ ಮತ್ತೆ ಶುಕ್ರವಾರದ ಮುಖ ಹೊತ್ತಿರುತ್ತಿದ್ದರು. ಮೂವತ್ತೊಂದು ವರ್ಷದಿಂದ ಅದೇ ಮೆಟ್ಟಿಲು, ಅದೇ ಕೋಣೆ. ಗೋಡೆಯಾಚೆ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುಡು ಅನ್ನುತ್ತಿದ್ದವು. ಕೋಣೆಗೆ ಎರಡು ಬಾಗಿಲು. ಒಂದರಲ್ಲಿ ಬಂದ ರೋಗಿ ಇನ್ನೊಂದರಲ್ಲಿ ಹೋಗಬೇಕು, ಯಾರ ಮುಖವನ್ನು ಯಾರೂ ನೋಡಬಾರದು ಎಂಬ ಏರ್ಪಾಡು. ಆದರೆ ಎರಡೂ ಬಾಗಿಲು ಒಂದೇ ಕಾರಿಡಾರಿಗೆ ತೆರೆಯುತ್ತಿದ್ದರಿಂದ ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ಇದನ್ನು ಕಟ್ಟಿಸಿದ ಎಂಜಿನಿಯರ್ ಯಾವ ಚಟದಲ್ಲಿದ್ದನೋ ಎಂದು ಡಾಕ್ಟರಮ್ಮ ಆಗಾಗ ಅನ್ನುವುದಿತ್ತು.

ಈ ವಿಭಾಗಕ್ಕೆ ಅವರು ಆಸೆಪಟ್ಟು ಬಂದವರಲ್ಲ. ಮನೋವೈದ್ಯೆಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಟ ಬಿಡಿಸುವ ವಿಭಾಗ ಎಂದರೆ ಹಿರಿಯರೆಲ್ಲ ಮೂಗು ಮುರಿಯುತ್ತಿದ್ದರು. ಆರು ತಿಂಗಳ ಮಟ್ಟಿಗೆ ಎಂದು ಹೇಳಿ ಇವರ ತಲೆಗೆ ಕಟ್ಟಿದರು. ಆ ಆರು ತಿಂಗಳು ಇನ್ನೂ ಮುಗಿದಿರಲಿಲ್ಲ. ಮೊದಲ ಹದಿಮೂರು ವರ್ಷ ಬರೀ ಕುಡುಕರು. ಆಮೇಲೊಂದು ದಿನ ಕೈಗಡಿಯಾರ ರಿಪೇರಿ ಮಾಡುವವನೊಬ್ಬ, ನಿದ್ದೆ ಬರುವುದಿಲ್ಲ ಎಂದುಕೊಂಡು ಬಂದ. ಮೂರನೆಯ ಭೇಟಿಯಲ್ಲಿ ಅವನ ಬಾಯಿಂದ ಇಸ್ಪೀಟು ಹೊರಬಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ಇವನು ಅಂಗಡಿಯ ಬಾಗಿಲು ಹಾಕಿ ಆಡಲು ಹೋಗುತ್ತಿದ್ದ. ಡಾಕ್ಟರಮ್ಮ ಇದಕ್ಕೇನು ಚಿಕಿತ್ಸೆ ಎಂದು ಲೈಬ್ರರಿಯಲ್ಲಿ ಹುಡುಕಿದರೆ ಸಿಕ್ಕಿದ್ದು ನಾಲ್ಕು ಹಾಳೆ. ಸರಿ, ಐದನೆಯದನ್ನು ನಾನೇ ಬರೆಯುತ್ತೇನೆ ಎಂದು ಕೂತರು. ಹದಿನೆಂಟು ವರ್ಷ ಹಿಡಿಯಿತು.

ಕುಡಿತಕ್ಕೆ ವಾಸನೆ ಇದೆ, ರಕ್ತಪರೀಕ್ಷೆ ಇದೆ. ಜೂಜಿಗೆ ರೋಗಿಯ ಬಾಯಿಯೊಂದೇ ಸಾಕ್ಷಿ. ಆದ್ದರಿಂದ ಅವರ ಸಂಶೋಧನೆಯೆಲ್ಲ ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ಪ್ರತಿ ತಿಂಗಳೂ ಪ್ರತಿಯೊಬ್ಬ ಜೂಜುಕೋರನನ್ನೂ ಅವರೇ ಖುದ್ದಾಗಿ ಕೇಳುತ್ತಿದ್ದರು: “ಹೋದ ಮೂವತ್ತು ದಿನದಲ್ಲಿ ಎಷ್ಟು ದಿನ ಆಡಿದ್ರಿ?” ಬೇರೆ ಯಾರ ಕೈಗೂ ಆ ಕೆಲಸ ಕೊಟ್ಟವರಲ್ಲ. ರೋಗಿ ಒಂದೂ ಇಲ್ಲ ಎಂದರೆ ಸಾಕು, ಎಷ್ಟೇ ಸುಸ್ತಾಗಿರಲಿ, ಕುರ್ಚಿಯಿಂದ ಎದ್ದು ನಿಂತು ಅವನ ಕೈ ಕುಲುಕುತ್ತಿದ್ದರು. ಆಡಿದೆ ಎಂದವರನ್ನು ಬೈದವರಲ್ಲ. ಸೇರಿದವರು ನೂರನಲವತ್ತು, ಉಳಿದವರು ತೊಂಬತ್ತಾರು. ಅವರಲ್ಲಿ ಐವತ್ತೊಂಬತ್ತು ಮಂದಿ ವರ್ಷಕ್ಕೂ ಮೇಲ್ಪಟ್ಟು ಆಡಿಲ್ಲ. ನೂರಕ್ಕೆ ಅರವತ್ತೊಂದು! ಎಲ್ಲರಿಗಿಂತ ಮೇಲೆ ಗಡಿಯಾರದವನು. ಎರಡನೆಯ ವರ್ಷದಿಂದ ಒಂದು ತಿಂಗಳೂ ಬಿಡದೆ ಸೊನ್ನೆ. ಹೊಸ ರೋಗಿಗಳ ಮುಂದೆ ನಿಂತು ಭಾಷಣ ಮಾಡುವಷ್ಟು ಸೊನ್ನೆ.

ಡಾಕ್ಟರಮ್ಮನ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ. ಪ್ರೊಫೆಸರಾಗಲಿಲ್ಲ, ಪ್ರಶಸ್ತಿ ಬರಲಿಲ್ಲ. ತಮ್ಮ ಮಗಳು ಬೆಳೆದದ್ದನ್ನು ಗಂಡನ ಬಾಯಿಂದ ಕೇಳಿ ತಿಳಿದುಕೊಂಡರು. ನಿವೃತ್ತಿಗೆ ಮೂರು ತಿಂಗಳಿತ್ತು. ಬೀಳ್ಕೊಡುಗೆಯ ಸಭೆಯಲ್ಲಿ ಈ ಒಂದು ಸಂಖ್ಯೆಯನ್ನು ಓದಿ, ಮನೆಗೆ ಹೋಗಿ ಮಲಗಬೇಕು, ಇಷ್ಟೇ ಅವರ ಆಸೆ.

ಆಗ ಅವರ ಗಂಟಲು ಕಟ್ಟಿತು. ಕಟ್ಟಿತು ಅಂದರೆ ಪೂರ್ತಿ, ಬಾಯಿ ತೆಗೆದರೆ ಗಾಳಿಯೊಂದೇ. ಅಂದು ಇಪ್ಪತ್ತೆರಡು ಜೂಜುಕೋರರ ಸರದಿ. ಬೇರೆ ದಾರಿ ಕಾಣದೆ ತೂಕದಮ್ಮನನ್ನು ಕರೆದು, ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಅವರು ಹೋಗಿ ವೈದ್ಯರ ವಿಶ್ರಾಂತಿ ಕೋಣೆಯಲ್ಲಿ ಉಪ್ಪುನೀರು ಮುಕ್ಕಳಿಸುತ್ತ ಕೂತರು.

ಈ ತೂಕದಮ್ಮ ಕಾರಿಡಾರಿನ ತಕ್ಕಡಿಯ ಪಕ್ಕ ಸ್ಟೂಲು ಹಾಕಿಕೊಂಡು ಬಂದವರ ತೂಕ, ಬಿಪಿ ಬರೆದುಕೊಳ್ಳುವ ಸಹಾಯಕಿ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಆಕೆ ನಕ್ಕದ್ದನ್ನು ಕಂಡವರಿಲ್ಲ, ಅತ್ತದ್ದನ್ನೂ ಕಂಡವರಿಲ್ಲ. ಯಾರಾದರೂ ಸತ್ತರೂ “ಹೌದಾ, ಮುಂದಿನವ್ರು ಬನ್ನಿ” ಅನ್ನುವ ಪೈಕಿ.

ಸಂಜೆ ಆಕೆ ತಂದಿಟ್ಟ ಪಟ್ಟಿ ನೋಡಿ ಡಾಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ವರ್ಷಗಟ್ಟಲೆ ಸೊನ್ನೆ ಹೇಳುತ್ತಿದ್ದ ಹದಿನಾಲ್ಕು ಮಂದಿ ಅಂದು ಬಂದಿದ್ದರು. ಪಟ್ಟಿಯಲ್ಲಿ ಸೊನ್ನೆ ಇದ್ದದ್ದು ಐದು. ಉಳಿದದ್ದು ಎಂಟು, ನಾಲ್ಕು, ಹದಿನೇಳು. ಗಡಿಯಾರದವನ ಮುಂದೆ ಹನ್ನೊಂದು.

“ಏನಿದು? ಒಬ್ಬರದ್ದು ಇನ್ನೊಬ್ಬರ ಮುಂದೆ ಬರೆದಿದ್ದೀಯಾ?” ಎಂದು ಇಲ್ಲದ ದನಿಯಲ್ಲೇ ಗದರಿದರು.

“ಅವ್ರು ಹೇಳಿದ್ದು ಬರ್ದಿದ್ದೀನಿ ಮೇಡಂ.”

“ಇಷ್ಟು ವರ್ಷ ನನ್ನ ಹತ್ರ ಸೊನ್ನೆ ಅಂದವರು ನಿನ್ನ ಹತ್ರ ಹನ್ನೊಂದು ಅಂತಾರಾ?”

“ನನ್ನ ಹತ್ರ ಯಾವಾಗ್ಲೂ ಹಂಗೇ ಹೇಳೋದು. ತೂಕ ನೋಡೋವಾಗ ಸುಮ್ನೆ ಮಾತಾಡ್ತಾರಲ್ಲ.”

“ಯಾವಾಗ್ಲೂ ಅಂದ್ರೆ? ಮತ್ತೆ ನನಗೆ ಯಾಕೆ ಹೇಳಲಿಲ್ಲ ನೀನು?”

“ನೀವು ಕೇಳ್ಲಿಲ್ಲ. ನನಗೆ ತೂಕ ಬರಿ ಅಂದಿದ್ರಿ, ತೂಕ ಬರ್ದೆ.”

ಬೇರೆ ಯಾರಾದರೂ ಆಗಿದ್ದರೆ ಆ ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿ, ಗಂಟಲು ಸರಿಹೋದ ಮೇಲೆ ತಾವೇ ಕೇಳಿ ಸೊನ್ನೆ ಬರೆದುಕೊಳ್ಳುತ್ತಿದ್ದರು. ಡಾಕ್ಟರಮ್ಮನಿಗೂ ಆ ಆಸೆ ಬರಲಿಲ್ಲ ಎಂದು ಹೇಳಲಾರೆ. ಎರಡು ದಿನ ಬಂದಿತ್ತು. ಮೂರನೆಯ ದಿನ ಅವರು ಊಟದ ಮೇಜಿನಲ್ಲಿ ಗಂಡನನ್ನು ಕೇಳಿದರು. ಆತ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು, ಅಳತೆ ತಪ್ಪಿ ಮಾತಾಡುವವರಲ್ಲ.

“ಜನ ನನಗೆ ಯಾಕೆ ಸುಳ್ಳು ಹೇಳ್ತಾರೆ? ನಾನು ಬೈತೀನಾ?”

“ಬೈದ್ರೆ ತಡ್ಕೋಬಹುದಿತ್ತು ಮಾರಾಯ್ತಿ. ನೀನು ಕನ್ನಡಕ ತೆಗೆದು ಕಣ್ಣು ಉಜ್ಕೋತೀಯ. ಅಯ್ಯೋ, ಮೊದಲೇ ಸೋತಿದಾಳೆ, ಇದೊಂದು ಯಾಕೆ ಅನಿಸುತ್ತೆ.” ತಟ್ಟೆಯನ್ನು ಬದಿಗೆ ಸರಿಸಿ, “ಹೇಳೇಬಿಡ್ತೀನಿ. ನಾನು ಸಂಜೆ ವಾಕಿಂಗ್ ಹೋಗಲ್ಲ. ಬಸ್ ಸ್ಟಾಪಿನ ಬೆಂಚಲ್ಲಿ ಮುಕ್ಕಾಲು ಗಂಟೆ ಕೂತು ಬರ್ತೀನಿ,” ಅಂದರು.

“ಎಷ್ಟು ದಿನದಿಂದ?”

“ಶುಗರ್ ಅಂತ ಗೊತ್ತಾದಾಗಿಂದ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ ಅವರಿಗೆ. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಎರಡು ವರ್ಷದ ಸುಳ್ಳು ದಿನಾ ಷೂ ಹಾಕಿಕೊಂಡು ಹೊರಗೆ ಹೋಗಿ ಬರುತ್ತಿತ್ತು. ಕಣ್ಣು ಉಜ್ಜಿಕೊಳ್ಳಲು ಕೈ ಎತ್ತಿದವರು ಅರ್ಧಕ್ಕೇ ಇಳಿಸಿದರು.

ಮರುದಿನದಿಂದ ಪ್ರಶ್ನೆ ಕೇಳುವ ಕೆಲಸ ತೂಕದಮ್ಮನದು ಎಂದು ಆದೇಶವಾಯಿತು. ಎರಡು ತಿಂಗಳಲ್ಲಿ ತೊಂಬತ್ತಾರು ಮಂದಿಯನ್ನೂ ಆಕೆ ತಕ್ಕಡಿಯ ಮೇಲೆ ನಿಲ್ಲಿಸಿಯೇ ಕೇಳಿ ಮುಗಿಸಿದಳು. ಐವತ್ತೊಂಬತ್ತು ಇದ್ದದ್ದು ಇಪ್ಪತ್ತೇಳಕ್ಕೆ ಇಳಿಯಿತು. ನೂರಕ್ಕೆ ಇಪ್ಪತ್ತೆಂಟು. ಏನೂ ಮಾಡದೆ ಸುಮ್ಮನೆ ಬಿಟ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ ಜನ ತಾವಾಗಿ ಬಿಡುತ್ತಿದ್ದರೇನೋ ಎಂದು ಡಾಕ್ಟರಮ್ಮನಿಗೆ ಅನಿಸಿತು. ಹಾಗಾದರೆ ನಾನು ಮೂವತ್ತೊಂದು ವರ್ಷ ಇಲ್ಲಿ ಮಾಡಿದ್ದೇನು?

ಬೀಳ್ಕೊಡುಗೆಯ ಸಭೆ ವಾರಕ್ಕೆ ಮೊದಲೇ ನಡೆಯಿತು, ಅಲ್ಲಿ ಎರಡೂ ಸಂಖ್ಯೆ ಓದಿದರು. ನಾನು ಕೇಳಿದಾಗ ಇಷ್ಟು, ತೂಕ ನೋಡುವಾಕೆ ಕೇಳಿದಾಗ ಇಷ್ಟು, ಎರಡನೆಯದನ್ನು ನಂಬಿ ಅಂದರು. ಆಮೇಲೆ ವಿಭಾಗದ ಮುಖ್ಯಸ್ಥರು ಹತ್ತಿರ ಬಂದು, “ಹೋಗೋ ಟೈಮಲ್ಲಿ ಇದೆಲ್ಲ ಬೇಕಿತ್ತಾ ಮೇಡಂ?” ಎಂದು ಪಿಸುಗುಟ್ಟಿ ಕೊರಳಿಗೆ ಹಾರ ಹಾಕಿದರು. ಬೇಕಿರಲಿಲ್ಲ, ನಿಜ. ಡಾಕ್ಟರಮ್ಮನಿಗೆ ಹಾರದ ಭಾರಕ್ಕೂ ಕುತ್ತಿಗೆ ನೋಯುತ್ತಿತ್ತು.

ಕೆಲಸ ಮುಗಿಯಲು ಇನ್ನೊಂದೇ ವಾರ ಉಳಿದಿದ್ದಾಗ ಗಡಿಯಾರದವನ ಸರದಿ ಬಂತು. ಸಭೆಯ ವಿಷಯ ಅವನಿಗೂ ಗೊತ್ತಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತ. ತಲೆ ಪೂರ್ತಿ ನರೆತಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೂ ಸಿಕ್ಕಿಸಿಕೊಂಡೂ ಬಲಗಣ್ಣಿನ ಸುತ್ತ ಚರ್ಮ ಕಪ್ಪುಗಟ್ಟಿತ್ತು.

“ಕ್ಷಮಿಸ್ಬೇಕಮ್ಮ,” ಅಂದ.

“ಹದಿನೇಳು ವರ್ಷ ಸುಳ್ಳು ಹೇಳಿದ್ರಾ?”

“ಮೊದಲನೇ ಸಲ ನಿಜವಾಗ್ಲೂ ಸೊನ್ನೆ ಇತ್ತಮ್ಮ. ನೀವು ಎದ್ದು ನಿಂತು ಕೈ ಕುಲುಕಿದ್ರಿ. ನನಗೋಸ್ಕರ ಯಾರೂ ಎದ್ದು ನಿಂತಿರಲಿಲ್ಲ. ಆಮೇಲೆ ಆಡಿದೆ. ಆದ್ರೆ ನಿಮ್ಮನ್ನ ವಾಪಸ್ ಕೂರಿಸೋಕೆ ಬಾಯಿ ಬರಲಿಲ್ಲ.”

ಗೋಡೆಯಾಚೆಯ ಯಂತ್ರ ನಿಂತು, ಮತ್ತೆ ಶುರುವಾಯಿತು. ಡಾಕ್ಟರಮ್ಮನಿಗೆ ಕೋಪ ಬರಬೇಕಿತ್ತು. ಅಷ್ಟು ಶಕ್ತಿ ಇರಲಿಲ್ಲ. ತಿಳಿಯಬೇಕೆನಿಸಿದ್ದು ಒಂದೇ.

“ಆಡೋದು ಬಿಡೋದಿಲ್ಲ ಅಂದ ಮೇಲೆ ಬರ್ತಿದ್ದಿದ್ದು ಯಾಕೆ? ಒಂದು ತಿಂಗಳೂ ತಪ್ಪಿಸಿಲ್ಲ ನೀವು. ಕಾಲು ಮುರ್ಕೊಂಡಾಗ ಆಟೋದಲ್ಲಿ ಬಂದ್ರಿ.”

ಅವನು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಕೂತ. “ಇಲ್ಲಿಗೆ ಬಂದ ದಿನ ಆಡಲ್ಲಮ್ಮ ನಾನು. ಬೆಳಿಗ್ಗೆ ನಿಮ್ಮ ಮುಖ ನೋಡಿ ಅಷ್ಟು ದೊಡ್ಡ ಸುಳ್ಳು ಹೇಳಿ, ಸಂಜೆ ಹೋಗಿ ಎಲೆ ಹಿಡಿಯೋಕೆ ಆಗಲ್ಲ. ಆವತ್ತು ಅಂಗಡಿ ತೆಗೀತೀನಿ. ಮಗಳಿಗೂ ಆವತ್ತೇ ಫೋನ್ ಮಾಡೋದು. ಅವಳು ಕೇಳ್ತಾಳೆ, ಅಪ್ಪ, ಇವತ್ತು ಆಸ್ಪತ್ರೆ ದಿನಾನಾ ಅಂತ.”

ವರ್ಷಕ್ಕೆ ಹನ್ನೆರಡು ದಿನ. ಅವರ ಯಾವ ಪಟ್ಟಿಯಲ್ಲೂ ಇದಕ್ಕೆ ಜಾಗವಿರಲಿಲ್ಲ. ಸಭೆಯಲ್ಲಿ ಓದುವಂಥದ್ದೂ ಅಲ್ಲ.

“ಹಾಗಾದ್ರೆ ತಿಂಗಳಿಗೊಂದ್ಸಲ ಯಾಕೆ? ದಿನಾ ಬನ್ನಿ,” ಅಂದರು. “ನಾನು ಹೋದ ಮೇಲೂ ತೂಕದಮ್ಮ ಇರ್ತಾಳೆ. ದಿನಾ ಬಂದು ಅವಳಿಗೆ ಹೇಳಿ ಹೋಗಿ.”

“ಅವ್ರ ಹತ್ರ ನಿಜ ಹೇಳಿಬಿಡ್ತೀನಲ್ಲಮ್ಮ. ಹೇಳಿ, ಹಗುರಾಗಿ, ಇಲ್ಲಿಂದ ಸೀದಾ ಆಡೋಕೆ ಹೋಗ್ತೀನಿ. ನೀವು ರಜೆಯಲ್ಲಿದ್ದ ದಿನ ಎಷ್ಟೋ ಸಲ ಹಾಗೇ ಹೋಗಿದ್ದೀನಿ.” ಅವನು ತಲೆ ತಗ್ಗಿಸಿದ. “ಅವ್ರು ಬೇಜಾರು ಮಾಡ್ಕೊಳಲ್ಲ.”

ಹದಿನೆಂಟು ವರ್ಷದ ಸಂಶೋಧನೆಯಲ್ಲಿ ಅವರು ಕೇಳಿದ ಮೊದಲ ನಿಜ ಇದೇ ಇರಬೇಕು. ಕೇಳಿ ಅವರಿಗೆ ಸಂತೋಷವಾಗಲಿಲ್ಲ. ಭಯವಾಯಿತು. ಕೆಲಸ ಮುಗಿಯುವ ಮುಂದಿನ ಶುಕ್ರವಾರದ ನಂತರ ಹತ್ತು ಗಂಟೆಯವರೆಗೆ ಮಲಗುವುದು, ಬಾಲ್ಕನಿಯಲ್ಲಿ ಕಾಲು ಚಾಚಿ ಕೂರುವುದು, ಒಬ್ಬರ ಕಷ್ಟವನ್ನೂ ಕೇಳದೆ ಒಂದು ವರ್ಷ ಕಳೆಯುವುದು, ಎಲ್ಲವೂ ಅವರ ಕಣ್ಣ ಮುಂದೆಯೇ ದೂರ ಸರಿಯಿತು. ಈ ಮನುಷ್ಯನ ಮೇಲೆ ಅವರಿಗೆ ಕೊನೆಗೂ ಕೋಪ ಬಂತು.

“ನಾಳೆ ಬನ್ನಿ,” ಅಂದರು.

“ನಾಳೆ ನನ್ನ ಸರದಿ ಅಲ್ವಲ್ಲಮ್ಮ.”

“ಬನ್ನಿ. ನಾಳಿದ್ದೂ ಬನ್ನಿ.”

“ಶುಕ್ರವಾರ ಆದ್ಮೇಲೆ?”

ಡಾಕ್ಟರಮ್ಮ ಒಂದು ಚೀಟಿ ಎಳೆದುಕೊಂಡು ಮನೆಯ ವಿಳಾಸ ಬರೆದರು. “ಬೆಳಿಗ್ಗೆ ಎಂಟಕ್ಕೆ. ಸುಳ್ಳೇ ಹೇಳಿ, ಪರವಾಗಿಲ್ಲ,” ಎಂದು ಅವನ ಕೈಗಿತ್ತರು.