ಬೀಡಿ ಎಳೆದ ಗೆರೆ

ಕಬ್ಬಿನ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಬಂತು. ಸೀಟಿನ ಹಿಂದೆ ಕಟ್ಟಿದ ದೊಡ್ಡ ಸ್ಪೀಕರುಗಳು ಢಣಢಣ ಬಡಿಯುತ್ತ, ಹೊಳೆಪ್ಪನ ಚಹಾದಂಗಡಿಯ ಗ್ಲಾಸುಗಳನ್ನು ನಡುಗಿಸುತ್ತ, ಗೋಕಾಕದ ಕಡೆಯಿಂದ ಬಂದು ಮೂಡಲಗಿಯ ಕಡೆಗೆ ಹೋದವು. ಬೆನ್ನಿಗೆ ಎರಡು ಟ್ರೇಲರು, ಮನೆಯೆತ್ತರ ಕಬ್ಬು. ಹಿಂದೆ ಒಂದು ಕೆಂಪು ದೀಪವೂ ಇಲ್ಲ.

ಶೈಲಾ ಸ್ಟ್ಯಾಂಡಿನ ಮೇಲಿನ ಕ್ಯಾಮೆರಾದ ಬಟನ್ ಬಿಟ್ಟಳು. ಪರದೆಯ ಮೇಲೆ ಟ್ರ್ಯಾಕ್ಟರಿಗಿಂತ ಮುಂದೆ ಹೋದ ಬಸ್ಸಿನ ಹಿಂದಿನ ದೀಪಗಳ ಕೆಂಪು ಗೆರೆಗಳು ಉದ್ದಕ್ಕೆ ಹರಿದಿದ್ದವು. ಟ್ರೇಲರು ಹೋದ ಜಾಗದಲ್ಲಿ ಬರೀ ಕತ್ತಲೆ.

"ಇವತ್ತರ ಫೋಟೋದಾಗ ಬಿತ್ತೇನವಾ?" ಒಲೆಯ ಮುಂದಿನಿಂದ ಹೊಳೆಪ್ಪ ಕೇಳಿದ.

"ಇಲ್ರಿ ಕಾಕಾ."

"ಹಾಡಿಗೆ ಬ್ಯಾಟರಿ ಐತಿ, ದೀಪಕ್ಕಿಲ್ಲ ಅವಕ್ಕ. ಹಾಡಿಂದಽ ಫೋಟೋ ತಗಿ."

ಕ್ಯಾಮೆರಾ ಗಂಡ ಬಸವಲಿಂಗನದು. ಮದುವೆಗಳ ಫೋಟೋ ತೆಗೆಯುತ್ತಿದ್ದವನು. ಹೋದ ಕಬ್ಬಿನ ಹಂಗಾಮಿನಲ್ಲಿ ಅಂಕಲಗಿಯ ಮದುವೆ ಮುಗಿಸಿ ರಾತ್ರಿ ಬರುವಾಗ, ಇದೇ ಕ್ರಾಸಿನಲ್ಲಿ, ಇಂಥದೇ ಟ್ರೇಲರಿಗೆ ಬೈಕ್ ಗುದ್ದಿ ಸತ್ತ. ಅಷ್ಟು ದೊಡ್ಡದು ಕಾಣಲಿಲ್ಲವೆಂದರೆ ಕುಡಿದಿರಬೇಕು ಎಂದು ಯಾರೋ ಅಂದರು. ಊರೆಲ್ಲ ಅದನ್ನೇ ಅಂದಿತು. ಕೊರಳಲ್ಲಿ ಲಿಂಗವಿದ್ದ ಮಗ ಕುಡಿದು ಸತ್ತನೆಂಬ ಮಾತು ತಾಯಿ ಶಿವಗಂಗವ್ವನಿಗೆ ನುಂಗಲಾಗಲಿಲ್ಲ. ತಂದೆಯ ಫೋಟೋದ ಬಾಜೂಕ್ಕಿದ್ದ ಮಗನ ಫೋಟೋ ಇಳಿಸಿ ಟ್ರಂಕಿನಲ್ಲಿ ಬೋರಲಾಗಿ ಇಟ್ಟಳು. ಗೋಡೆಯ ಮೊಳೆಯನ್ನೂ ಕಿತ್ತಳು.

ಆ ಬೋಳು ಗೋಡೆಯ ಕೆಳಗೆ ಶೈಲಾ ದಿನಾ ಉಣ್ಣಬೇಕಿತ್ತು. ಟ್ರೇಲರು ಕಾಣುವುದಿಲ್ಲ ಎಂಬುದನ್ನು ಅತ್ತೆಗೆ ತೋರಿಸಿಯೇ ತೀರಬೇಕೆಂದು ಅವಳು ಮೊಬೈಲಿನ ವಿಡಿಯೊ ನೋಡಿ ಈ ವಿದ್ಯೆ ಕಲಿತಳು. ಶಟರ್ ತೆರೆದೇ ಇಟ್ಟರೆ ದೊಡ್ಡ ಊರುಗಳ ರಸ್ತೆಯಲ್ಲಿ ದೀಪಗಳು ಹೊಳೆಯಾಗಿ ಹರಿಯುತ್ತಿದ್ದವು. ದೀಪವೇ ಇಲ್ಲದ್ದನ್ನು ಹಿಡಿಯುವುದು ಹೇಗೆಂದು ಆ ವಿಡಿಯೊದವನು ಹೇಳಿರಲಿಲ್ಲ. ಖಾಲಿ ರಸ್ತೆಯ ಚಿತ್ರ ಒಯ್ದು ಏನು ತೋರಿಸುವುದು?

ಅಷ್ಟರಲ್ಲಿ ಕೈಬ್ಯಾಟರಿಯ ಬೆಳಕು ಬಿಟ್ಟುಕೊಂಡು ಶಿವಗಂಗವ್ವನೇ ಬಂದಳು.

"ಮಂದಿ ನಗಾಕತ್ತೇತಿ. ಗಂಡ ಹ್ವಾದ ಜಾಗಾದಾಗ ಹೆಣಮಗಳು ನಿಂತಿರ್ತಾಳಂತ. ನಡಿ ಮನಿಗೆ."

"ಇದೊಂದ ಫೋಟೋ ರೀ ಅತ್ತಿ."

ಹೊಳೆಪ್ಪ ಬೀಡಿ ಹಚ್ಚಿಕೊಂಡು, ಗ್ಯಾರೇಜಿಗೆ ಕೊಟ್ಟಿದ್ದ ಚಹಾದ ಗ್ಲಾಸು ತರಲು ರಸ್ತೆಯ ಆಚೆ ಬದಿಯ ಅಂಚಿನಲ್ಲಿ ನಡೆದ. ಮತ್ತೊಂದು ಹಾಡು ಬಂತು. ಶೈಲಾ ಬಟನ್ ಒತ್ತಿ ಹಿಡಿದಳು. ಟ್ರೇಲರುಗಳು ದಾಟಿದವು, ತುಸು ಮುಂದೆ, ಚಹಾಕ್ಕೆಂದು, ರಸ್ತೆಯಲ್ಲೇ ನಿಂತವು.

ಪರದೆಯ ಮೇಲೆ ನೂಲಿನಷ್ಟು ತೆಳ್ಳಗಿನ ಒಂದು ಕೆಂಪು ಗೆರೆ.

"ಇದೇನ?" ಅತ್ತೆ ಬಗ್ಗಿದಳು.

"ಹೊಳೆಪ್ಪ ಕಾಕಾನ ಬೀಡಿ ರೀ."

"ನಡುವ ಯಾಕ ತುಂಡಾಗೇತಿ?"

ಶೈಲಾ ಆಗಲೇ ಅದನ್ನು ಕಂಡದ್ದು. "ಅಲ್ಲೇ ಟ್ರೇಲರ್ ಐತ್ರಿ. ಬೀಡಿಗೆ ಅಡ್ಡ ಬಂದೇತಿ."

"ನನಗ ಕಾಣವಲ್ದು."

"ಅವರಿಗೂ ಕಾಣಲಿಲ್ರಿ ಅತ್ತಿ."

ಶಿವಗಂಗವ್ವ ಬೆನ್ನು ನೆಟ್ಟಗೆ ಮಾಡಿದಳು. "ಬೀಡಿ ತುಂಡಾತಂತ ಗ್ವಾಡಿಗೆ ಫೋಟೋ ಹಾಕಲೇನು? ಊರಿಗೆ ಏನಂತ ಹೇಳ್ಲಿ? ಬೀಡಿ ಸಾಕ್ಷಿ ಹೇಳ್ತಂತ?"

ಇಷ್ಟೇ ಇತ್ತು ಶೈಲಾಳ ಹತ್ತಿರ, ಈ ತುಂಡು ಗೆರೆ. ಅದೂ ಆಗಲಿಲ್ಲ.

ಮುದುಕಿ ಮತ್ತೆ ಬಗ್ಗಿದಳು. ಪರದೆಯ ಮೇಲೆ ಬೆರಳಿಟ್ಟು, ಗೆರೆ ಹರಿದಲ್ಲಿ ನಿಲ್ಲಿಸಿದಳು.

"ಇಷ್ಟ ಕತ್ತಲಿತ್ತೇನ ಅಂವಗ?"

ಗೋಕಾಕದ ಕಡೆಯಿಂದ ಬೈಕಿನ ಸದ್ದು. ಶೈಲಾ ತಲೆಯೆತ್ತಿದಳು. ಹಾಡು ಬಂದ್ ಆಗಿತ್ತು. ನಿಂತ ಟ್ರೇಲರು ರಸ್ತೆಯಲ್ಲಿ ಇದೆಯೆಂಬುದು ಈಗ ಕಿವಿಗೂ ತಿಳಿಯುವಂತಿರಲಿಲ್ಲ. ಅವಳು ಅತ್ತೆಯ ಕೈಯಿಂದ ಬ್ಯಾಟರಿ ತೆಗೆದುಕೊಂಡು, ಅದರ ಮೋರೆಗೆ ಸೀರೆಯ ಕೆಂಪು ಸೆರಗು ಸುತ್ತಿದಳು.

"ಶೈಲಾ, ಆ ಮೊಳಿ ಕಿತ್ತ ನಾ ಒಗದಿಲ್ಲವಾ," ಶಿವಗಂಗವ್ವ ಪರದೆಯಿಂದ ಕಣ್ಣು ಕೀಳದೆ ಅನ್ನುತ್ತಿದ್ದಳು, "ದೇವರ ಜಗಲಿ ಮ್ಯಾಲ ಇಭೂತಿ ಡಬ್ಬ್ಯಾಗ ಇಟ್ಟೇನಿ, ಮುಂಜಾನೆದ್ದ ನೀ ಗ್ವಾಡಿಗೆ..."

ಕೆಂಪು ಬೆಳಕು ಟ್ರೇಲರಿನ ಬೆನ್ನಿನತ್ತ ಆಗಲೇ ನಡೆದು ಹೋಗುತ್ತಿತ್ತು.